ಹಿತ್ತಿಲ ಕೊಟ್ಟಿಗೆಗೆ ಬಂದ ಯಂತ್ರ

ವಯಸ್ಸಾದ ಮೇಲೆ ಮನುಷ್ಯನಿಗೆ ಹುಟ್ಟುವ ಆಸೆಗಳಲ್ಲಿ ಕೆಲವು ನಿರುಪದ್ರವಿಗಳು, ಕೆಲವು ಮನೆಮಂದಿಯ ನಿದ್ದೆ ಕೆಡಿಸುವಂಥವು. ನನ್ನದು ಎರಡನೆಯ ಜಾತಿಗೆ ಸೇರಿದ್ದು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಮರಗೆಲಸದ ಹುಚ್ಚು ಹಿಡಿಯಿತು. ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯೇ ನನ್ನ ಕಾರ್ಯಾಗಾರ. ಗರಗಸ, ಉಳಿ, ಕೊಡತಿ, ತೋಪಡ, ಮೂಲೆಮಟ್ಟ, ಇವೇ ನನ್ನ ಆಸ್ತಿ. ಹತ್ತು ವರ್ಷಗಳಲ್ಲಿ ನಾಲ್ಕಾರು ಮಣೆ, ಎರಡು ಪುಸ್ತಕದ ಕಪಾಟು, ಮೊಮ್ಮಗಳಿಗೊಂದು ಓದುವ ಮೇಜು ತಯಾರಾದವು. ಇಷ್ಟಕ್ಕೆ ತೃಪ್ತನಾಗಿರಬೇಕಾಗಿದ್ದವನು ಕಳೆದ ವರ್ಷ ವಿದ್ಯುತ್ತಿನಿಂದ ನಡೆಯುವ ಭಾರಿ ಗರಗಸವೊಂದನ್ನು, ಅದೂ ಹೊಸದನ್ನೇ, ಕೊಳ್ಳಲು ಹೊರಟೆ. ಅದು ವಿವೇಕವೋ ಅವಿವೇಕವೋ ಎಂಬುದೇ ಇಲ್ಲಿನ ಪ್ರಶ್ನೆ.

ನನ್ನ ಮನೆಯಾಕೆ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದಳು. "ಇದರಿಂದ ವರ್ಷಕ್ಕೆ ಎಷ್ಟು ಮಣೆ ಮಾಡುತ್ತೀರಿ?" ಎಂದು ಕೇಳಿದಳು. ನಾನು ಪ್ರಾಮಾಣಿಕವಾಗಿ, "ಮೂರು, ಹೆಚ್ಚೆಂದರೆ ನಾಲ್ಕು" ಎಂದೆ. ಯಂತ್ರದ ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿ, ನಮ್ಮ ಮನೆಯ ಮಣೆಯೊಂದರ ಬೆಲೆ ಅರಮನೆಯ ಪೀಠಕ್ಕೆ ಸಮನಾಗುವುದನ್ನು ಅವಳು ತೋರಿಸಿದಳು. ಲೆಕ್ಕ ಸರಿಯಾಗಿತ್ತು. ಆದರೆ ಹವ್ಯಾಸವನ್ನು ಆ ಬಗೆಯ ಭಾಗಾಕಾರದಿಂದ ಅಳೆಯುವುದಾದರೆ ನಾವು ಕೊಂಡು ಓದದೆ ಇಟ್ಟಿರುವ ಪುಸ್ತಕಗಳ ಲೆಕ್ಕವನ್ನೂ ಹಾಕಬೇಕಾದೀತು. ಈ ಮಾತನ್ನು ನಾನು ಆಡಲಿಲ್ಲ. ಕಪಾಟಿನ ಕಡೆ ನೋಡಿ ಸುಮ್ಮನಾದೆ.

ಯಂತ್ರವೇಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಊರಿನಲ್ಲಿ ಗಾಳಿಗೆ ಉರುಳಿದ ಹಲಸಿನ ಮರದ ತುಂಡುಗಳು ನಮ್ಮ ಪಾಲಿಗೆ ಬಂದವು. ಆರು ಅಡಿ ಉದ್ದದ ದಪ್ಪ ತುಂಡನ್ನು ಎಳೆಯ ಉದ್ದಕ್ಕೂ ಕೈಗರಗಸದಿಂದ ಸೀಳುವುದು ಎಂಥ ಕೆಲಸವೆಂಬುದನ್ನು ಮಾಡಿದವರೇ ಬಲ್ಲರು. ಒಂದು ಬೆಳಗಿನ ಹೊತ್ತು ಪೂರ್ತಿ ಸವೆದರೂ ಒಂದು ಹಲಗೆ ಕೈಗೆ ಬರುವುದಿಲ್ಲ. ನನ್ನ ಬಲಭುಜ ಎರಡನೆಯ ದಿನವೇ ಮುಷ್ಕರ ಹೂಡಿತು. ಆಗ ನನಗೊಂದು ಭೇದ ಹೊಳೆಯಿತು. ಮರಗೆಲಸದಲ್ಲಿ ಎರಡು ಬಗೆಯ ಶ್ರಮವಿದೆ. ಒಂದು, ಕಲಿಸುವ ಶ್ರಮ: ತೋಪಡ ಹಾಕುವಾಗ ಎಳೆ ಯಾವ ಕಡೆಗೆ ಮಲಗಿದೆಯೆಂದು ಅಂಗೈ ತಿಳಿಯುವುದು, ಒಂದು ಮರದ ನಾಲಗೆ ಇನ್ನೊಂದರ ರಂಧ್ರದಲ್ಲಿ ಬಿಗಿಯಾಗಿಯೂ ಒಡೆಯದಂತೆಯೂ ಕೂರುವಷ್ಟು ಉಳಿಯಿಂದ ಸವರುವುದು. ಇನ್ನೊಂದು, ಕೇವಲ ಮೈಮುರಿಯುವ ಶ್ರಮ: ದಪ್ಪ ಮರವನ್ನು ತೆಳುವಾಗಿಸುವುದು. ಮೊದಲನೆಯದನ್ನು ಯಂತ್ರಕ್ಕೆ ಕೊಟ್ಟವನು ತನ್ನ ಆನಂದವನ್ನೇ ಮಾರಿಕೊಂಡಂತೆ. ಎರಡನೆಯದನ್ನು ಕೊಟ್ಟವನು ಏನನ್ನೂ ಕಳೆದುಕೊಳ್ಳುವುದಿಲ್ಲ.

ಈ ಭೇದ ನಾನು ಕಂಡುಹಿಡಿದದ್ದೇನೂ ಅಲ್ಲ. 1909ರಲ್ಲಿ 'ಹಿಂದ್ ಸ್ವರಾಜ್' ಬರೆದು ಯಂತ್ರನಾಗರಿಕತೆಯನ್ನು ಕಟುವಾಗಿ ಖಂಡಿಸಿದ ಗಾಂಧೀಜಿಯೇ 1924ರಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದಾಗ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಹೊಲಿಗೆಯಲ್ಲಿ ಬಳಲುವುದನ್ನು ಕಂಡು ಆ ಪ್ರೀತಿಯಿಂದ ನಿರ್ಮಿತವಾದ ಯಂತ್ರವದು ಎಂಬುದು ಅವರು ಕೊಟ್ಟ ಕಾರಣ. ನಮ್ಮ ಚನ್ನಪಟ್ಟಣದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅಲ್ಲಿ ಆಲೆಮರದ ತುಂಡನ್ನು ತಿರುಗಿಸುವುದು ಅನೇಕ ಕಡೆ ಈಗ ವಿದ್ಯುತ್ತು. ಆದರೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಘರ್ಷಣೆಯ ಬಿಸಿಗೆ ಬಣ್ಣ ಕರಗಿ ಹರಡುವಂತೆ ಮಾಡಿ, ಎಲೆಗರಿಯಿಂದ ಹೊಳಪು ಕೊಡುವುದು ಇಂದಿಗೂ ಕೈಯೇ. ತಿರುಗಿಸುವುದರಲ್ಲಿ ಕಲೆಯಿಲ್ಲ, ಒತ್ತುವುದರಲ್ಲಿ ಇದೆ.

ಹೀಗೆ ಮನಸ್ಸನ್ನು ಸಮಾಧಾನಪಡಿಸಿಕೊಂಡು, ನನಗೆ ಈ ವಿದ್ಯೆ ಕಲಿಸಿದ ಆಚಾರ್ಯರ ಬಳಿಗೆ ಹೋದೆ. ನಮ್ಮ ಬೀದಿಯ ಕೊನೆಯಲ್ಲಿ ಅವರ ಮನೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಬಲಗೈಯ ಎರಡು ಬೆರಳುಗಳಿಗೆ ತುದಿಯಿಲ್ಲ. ಉಳಿ ಹಿಡಿಯುವುದನ್ನು ನಾನು ಕಲಿತದ್ದು ಆ ಮೊಂಡು ಬೆರಳುಗಳನ್ನು ನೋಡಿಯೇ. ಹತ್ತು ವರ್ಷವಾದರೂ ಅವು ಹಾಗೆ ಏಕಾದವೆಂದು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

"ಆಚಾರ್ರೇ, ಯಂತ್ರ ತರೋಣ ಅಂತಿದ್ದೀನಿ. ನಿಮಗೂ ಅನುಕೂಲವಾಗುತ್ತೆ, ಬಂದು ಉಪಯೋಗಿಸಿ" ಎಂದೆ.

"ಸಂತೋಷ ಮೇಷ್ಟ್ರೇ. ಯಂತ್ರ ನಿಮ್ಮದು. ಬೆರಳು ಮಾತ್ರ ನಂದು" ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಯೌವನದಲ್ಲಿ ಅವರು ಒಂದು ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಚಕ್ರದ ಗರಗಸ. ಅದರ ಮೇಲಿರಬೇಕಾದ ರಕ್ಷಾಕವಚವನ್ನು ಕೆಲಸ ನಿಧಾನವಾಗುತ್ತದೆಂದು ಯಾರೋ ಎಂದೋ ಕಳಚಿ ಮೂಲೆಗೆ ಎಸೆದಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಚಕ್ರ ನಿಂತಿತು. ಹಲ್ಲುಗಳ ನಡುವೆ ಸಿಕ್ಕಿಕೊಂಡಿದ್ದ ಚೂರನ್ನು ತೆಗೆಯಲು ಇವರು ಕೈಹಾಕಿದರು. ಸ್ವಿಚ್ಚು ಹಾಕಿದಂತೆಯೇ ಇತ್ತು. ಕರೆಂಟು ಬಂತು. "ಅದಕ್ಕೇನು ಗೊತ್ತು ಮೇಷ್ಟ್ರೇ, ಕೈ ಇದೆ ಅಂತ" ಎಂದಷ್ಟೇ ಹೇಳಿ ಅವರು ಬೀಡಿ ಹಚ್ಚಿದರು.

ಆ ದಿನದಿಂದ ನನ್ನ ಪ್ರಶ್ನೆಯೇ ಬದಲಾಯಿತು. ಯಂತ್ರ ಬೇಕೋ ಬೇಡವೋ ಎಂಬುದು ಹಿಂದೆ ಸರಿದು, ಎಂಥ ಯಂತ್ರ ಎಂಬುದು ಮುಂದೆ ಬಂತು. ಸ್ನೇಹಿತರು, "ಹಳೆಯದನ್ನು ಕೊಳ್ಳಿ, ಅರ್ಧ ಬೆಲೆಗೆ ಸಿಗುತ್ತದೆ, ಹಳೆಯ ಕಬ್ಬಿಣ ಗಟ್ಟಿ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಎರಕದ ಕಬ್ಬಿಣದ ತೂಕವೇ ಯಂತ್ರದ ನಡುಕವನ್ನು ನುಂಗುತ್ತದೆ; ಹಿಂದಿನವರು ಆ ತೂಕದಲ್ಲಿ ಜಿಪುಣತನ ಮಾಡುತ್ತಿರಲಿಲ್ಲ. ಆದರೆ ನಾನು ನೋಡಿದ ಹಳೆಯ ಯಂತ್ರಗಳಲ್ಲಿ ಒಂದಕ್ಕೂ ಕವಚವಿರಲಿಲ್ಲ. ಪಟ್ಟೆಗಳು ಬಯಲಿನಲ್ಲಿ ಓಡುತ್ತಿದ್ದವು. ಸ್ವಿಚ್ಚು ಗೋಡೆಯ ಮೇಲೆ, ಕೈಗೆ ಎಟುಕದ ದೂರದಲ್ಲಿತ್ತು. ಹೊಸ ಯಂತ್ರಗಳಲ್ಲಿ ಒಳ್ಳೆಯವುಗಳಿಗೆ ಒಂದು ಗುಂಡಿ ಇರುತ್ತದೆ: ಕರೆಂಟು ಹೋದೊಡನೆ ಅದು ತಾನೇ ಬಿಟ್ಟುಕೊಳ್ಳುತ್ತದೆ, ಕರೆಂಟು ಮರಳಿದರೂ ಮನುಷ್ಯ ಮತ್ತೆ ಒತ್ತುವವರೆಗೆ ಯಂತ್ರ ಅಲುಗುವುದಿಲ್ಲ. ಅಂಥ ಗುಂಡಿಯೊಂದು ಆ ಸಾಮಿಲ್ಲಿನಲ್ಲಿದ್ದಿದ್ದರೆ ಆಚಾರ್ಯರ ಬೆರಳುಗಳು ಇಂದಿಗೂ ಪೂರ್ಣವಾಗಿರುತ್ತಿದ್ದವು.

ಹಳೆಯ ಯಂತ್ರಕ್ಕೂ ಅದನ್ನು ಹಾಕಿಸಬಹುದಲ್ಲ ಎಂದು ಕೇಳಬಹುದು. ನಿಜ, ಹಾಕಿಸಬಹುದು, ಹಾಕಿಸುವವನಿಗೆ ನನ್ನ ನಮಸ್ಕಾರ. ಆದರೆ ಹಣ ಉಳಿಸಲೆಂದು ಹಳೆಯದನ್ನು ಕೊಳ್ಳುವವನ ಉಳಿತಾಯಬುದ್ಧಿ ಅಲ್ಲಿಗೇ ನಿಲ್ಲುವುದು ವಿರಳ. ನನ್ನ ಸ್ವಭಾವವನ್ನು ಬಲ್ಲ ನಾನು ನನ್ನನ್ನೇ ನಂಬಲಿಲ್ಲ.

ಮನುಷ್ಯನ ಜಾಣತನ ಈ ದಿಕ್ಕಿನಲ್ಲಿ ತಿರುಗಿದ್ದು ತಡವಾಗಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಬ್ರೂನೆಲ್ ಕಲ್ಪಿಸಿ ಮಾಡ್ಸ್ಲೆ ಕಟ್ಟಿದ ಯಂತ್ರಗಳು ಹಡಗುಗಳಿಗೆ ಬೇಕಾದ ಮರದ ರಾಟೆಗಳನ್ನು ತಯಾರಿಸಿದವು; ನೂರ ಹತ್ತು ಜನರ ಕೆಲಸವನ್ನು ಹತ್ತು ಜನ ಮಾಡುವಂತಾಯಿತೆಂದು ಇತಿಹಾಸ ಹೊಗಳುತ್ತದೆ. ವೇಗದ ಲೆಕ್ಕವನ್ನು ಇಟ್ಟಷ್ಟು ಶ್ರದ್ಧೆಯಿಂದ ಬೆರಳುಗಳ ಲೆಕ್ಕವನ್ನು ಯಾರೂ ಇಡಲಿಲ್ಲ. 1999ರಲ್ಲಿ ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು, ವೃತ್ತಿಯಿಂದ ವಕೀಲರು, ಓದಿನಿಂದ ಭೌತವಿಜ್ಞಾನಿ, ಹವ್ಯಾಸದಿಂದ ಮರಗೆಲಸದವರು, ಚರ್ಮ ತಾಗಿದೊಡನೆ ಕ್ಷಣದ ಸಣ್ಣ ಅಂಶದಲ್ಲಿ ನಿಂತುಬಿಡುವ ಚಕ್ರಗರಗಸವನ್ನು ಕಲ್ಪಿಸಿದರು. ಇಂಥದೊಂದು ವಿಚಾರ ಹೊಳೆದದ್ದು ಒಬ್ಬ ಹವ್ಯಾಸಿಗೆ ಎಂಬುದು ನನ್ನಂಥವರಿಗೆ ಸ್ವಲ್ಪ ಹೆಮ್ಮೆಯ ಸಂಗತಿ.

ನಾನು ಕೊಂಡದ್ದು ಚಕ್ರದ ಗರಗಸವಲ್ಲ, ಎರಡು ಗಾಲಿಗಳ ಮೇಲೆ ಉಕ್ಕಿನ ಪಟ್ಟಿ ಓಡುವ ಗರಗಸ. ಚಕ್ರದ ಗರಗಸದಲ್ಲಿ ಸೀಳಿದ ಮರ ಹಿಂದೆ ಮುಚ್ಚಿಕೊಂಡು ಅಲಗನ್ನು ಕಚ್ಚಿದರೆ ಹಲಗೆ ಬಾಣದಂತೆ ನಿಂತವನ ಮೇಲೆಯೇ ಚಿಮ್ಮುತ್ತದೆ. ಪಟ್ಟಿಯ ಗರಗಸ ಮರವನ್ನು ಕೆಳಕ್ಕೆ, ಮೇಜಿನ ಕಡೆಗೇ ಒತ್ತುತ್ತದೆ. ಅಲಗು ತೆಳುವಾದ್ದರಿಂದ ಮರವೂ ಕಡಿಮೆ ಪೋಲಾಗುತ್ತದೆ. ಬೆರಳಿಗೆ ಅದೂ ಶತ್ರುವೇ, ಆದರೆ ಕಪಟವಿಲ್ಲದ ಶತ್ರು.

ಕೊಂಡ ಮೇಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಎರಡು ಅಶ್ವಶಕ್ತಿಯ ಮೋಟಾರು ಎಂದರೆ ಸುಮಾರು ಒಂದೂವರೆ ಸಾವಿರ ವ್ಯಾಟ್. ಹೊರಡುವಾಗ ಅದು ಎಳೆಯುವ ವಿದ್ಯುತ್ತು ಅದರ ಹಲವು ಪಟ್ಟು. ಕೊಟ್ಟಿಗೆಯ ಹಳೆಯ ತಂತಿಯನ್ನೆಲ್ಲ ಬದಲಿಸಬೇಕಾಯಿತು. ನೆಲಕ್ಕೆ ಕಾಂಕ್ರೀಟು ಹಾಕಿಸಬೇಕಾಯಿತು. ಆರು ಅಡಿಯ ಹಲಗೆ ಸೀಳಬೇಕಾದರೆ ಅಲಗಿನ ಮುಂದೆ ಆರು, ಹಿಂದೆ ಆರು ಅಡಿ ಜಾಗ ಬೇಕೆಂಬ ಸರಳ ಸಂಗತಿ ಯಂತ್ರ ಬಂದ ಮೇಲೆ ತಿಳಿದು, ಗೋಡೆಯಲ್ಲೊಂದು ಕಿಂಡಿ ಕೊರೆಸಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಧೂಳು. ತೋಪಡದ ಸುರುಳಿ ಕಾಲಿಗೆ ಬೀಳುತ್ತದೆ. ಯಂತ್ರದ ಧೂಳು ಶ್ವಾಸಕ್ಕೆ ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಆದ್ದರಿಂದ ಧೂಳು ಹೀರುವ ಇನ್ನೊಂದು ಯಂತ್ರ ಬಂತು. ಯಂತ್ರದ ಬೆಲೆ ಅಂಗಡಿಯ ಚೀಟಿಯಲ್ಲಿ ಬರೆದಷ್ಟೇ ಎಂದು ನಂಬಿದವನು ಮದುವೆಯ ಖರ್ಚು ಲಗ್ನಪತ್ರಿಕೆಯಷ್ಟೇ ಎಂದು ನಂಬಿದಂತೆ.

ಇಷ್ಟೆಲ್ಲ ಅನುಭವಿಸಿದ ಮೇಲೆ ನನ್ನ ಅಭಿಪ್ರಾಯ ಇದು. ಮನೆಯ ಕಾರ್ಯಾಗಾರಕ್ಕೆ ಭಾರಿ ಯಂತ್ರ ಕೊಳ್ಳುವುದು ಪಾಪವಲ್ಲ. ಆದರೆ ಕೈ ಕೆಲಸವನ್ನು ಕಲಿಯುವ ಮೊದಲು ಕೊಳ್ಳಬಾರದು. ಯಾವ ಶ್ರಮವನ್ನು ಬಿಡುತ್ತಿದ್ದೇನೆಂಬುದು ಗೊತ್ತಿಲ್ಲದವನಿಗೆ ಏನನ್ನು ಉಳಿಸಿಕೊಳ್ಳಬೇಕೆಂಬುದೂ ಗೊತ್ತಿರುವುದಿಲ್ಲ. ಕೊಳ್ಳುವುದಾದರೆ ಕಬ್ಬಿಣದ ತೂಕದಷ್ಟೇ ಆ ಸಣ್ಣ ಗುಂಡಿಯನ್ನೂ ನೋಡಿ ಕೊಳ್ಳಬೇಕು. ಮೂರನೆಯದೊಂದಿದೆ, ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ: ಬದುಕಿಗಾಗಿ ಮರ ಕೊಯ್ದವರು ಕವಚವಿಲ್ಲದ ಗರಗಸದ ಮುಂದೆ ನಿಂತರು, ಕಾಲಕ್ಷೇಪಕ್ಕೆ ಕೊಯ್ಯುವ ನಾನು ಕವಚವಿರುವುದರ ಮುಂದೆ ನಿಂತಿದ್ದೇನೆ. ಈ ಅನ್ಯಾಯಕ್ಕೆ ನನ್ನ ಕೊಟ್ಟಿಗೆಯಲ್ಲಿ ಪೂರ್ಣ ಪರಿಹಾರವಿಲ್ಲ. ಅದರ ಬಾಗಿಲಿಗೆ ಬೀಗ ಹಾಕದಿರುವುದಷ್ಟೇ ನನ್ನಿಂದಾಗುವುದು.

ಯಂತ್ರ ಬಂದ ವಾರ ಆಚಾರ್ಯರು ಬಂದರು. ಸುತ್ತ ನಡೆದು ನೋಡಿದರು. ಗುಂಡಿ ಒತ್ತಿ ನಡೆಸಿದೆ. ಅವರು ಏನೂ ಹೇಳದೆ ಗೋಡೆಯ ಬಳಿ ಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಿದರು, ಯಂತ್ರ ನಿಂತಿತು. ಮತ್ತೆ ಹಾಕಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ಆರಿಸಿ ಹಾಕಿದರು. ಆಗಲೂ ಅಲುಗಲಿಲ್ಲ.

"ನಾಳೆ ನಮ್ಮ ಹುಡುಗನನ್ನ ಕಳಿಸ್ತೀನಿ ಮೇಷ್ಟ್ರೇ. ಅವನೂ ನೋಡಲಿ" ಎಂದರು.

ಈಗ ವಾರದಲ್ಲಿ ಎರಡು ದಿನ ಅವರ ಮೊಮ್ಮಗ ನಮ್ಮ ಕೊಟ್ಟಿಗೆಯಲ್ಲಿ ಹಲಗೆ ಸೀಳುತ್ತಾನೆ. ಮನೆಯಾಕೆಯ ಭಾಗಾಕಾರದಲ್ಲಿ ಮಣೆಗಳ ಸಂಖ್ಯೆ ಏರುತ್ತಿದೆ.