ಎಕ್ಕದೆಲೆಯ ಹುಳುವೂ ನಮ್ಮ ವಾಚನಾಲಯವೂ

ಮಗುವು ಮೇಕೆಮರಿಯನ್ನು ಮುದ್ದಿಸಿದರೆ ಹಿರಿಯರು ಮೆಚ್ಚುವರು. ಅದೇ ಮಗುವು ಓತಿಯನ್ನೋ ಕಪ್ಪೆಯನ್ನೋ ಒಲಿದು ಮನೆಗೆ ತಂದರೆ ಗದ್ದಲವೇಳುವುದು. ಇಂತಹ ಒಲವನ್ನು ವರ್ಣಿಸುವ ಚಿತ್ರಪುಸ್ತಕಗಳು ಶಾಲೆಯ ವಾಚನಾಲಯಕ್ಕೆ ಬೇಡವೆಂದು ಬಸವಕಲ್ಯಾಣ, ಹುಮನಾಬಾದುಗಳ ಕೆಲವು ಪಾಲಕರು ನಮಗೆ ಹೇಳಿರುವರು. ಅವರ ಅಂಜಿಕೆಯು ನಿರಾಧಾರವೆನ್ನಲಾರೆವು. ಹೊಲಗಳಲ್ಲಿ ಹಾವು ಚೇಳುಗಳಿರುವ ಸೀಮೆಯಿದು. ಆದರೂ ಆ ಪುಸ್ತಕಗಳು ಇರಲೇಬೇಕೆಂಬುದು ನಮ್ಮ ಅಭಿಪ್ರಾಯವು.

ಕನ್ನಡಕ್ಕೆ ಇದು ಹೊಸತಲ್ಲ. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ‘ಹಾವಿನ ಹಾಡು’ ಎಂಬ ಶಿಶುಗೀತೆಯಲ್ಲಿ ನಾಗರಹಾವನ್ನೇ ಅಕ್ಕರೆಯಿಂದ ಬಳಿಗೆ ಕರೆದಿರುವರು. ಅವರು ಉಪಾಧ್ಯಾಯರಾಗಿದ್ದವರು; 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದವರು; 1934ರಲ್ಲಿ ನಮ್ಮ ಈ ಸೀಮೆಯ ರಾಯಚೂರಿನಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. (ಹಾವಿಗೆ ಹಾಲು ಆಹಾರವಲ್ಲವೆಂಬುದನ್ನು ಉಪಾಧ್ಯಾಯಿನಿಯು ಪಾಠದ ಕೊನೆಗೆ ತಿಳಿಸಿದರಾಯಿತು.) ಅದಕ್ಕೂ ಎಷ್ಟೋ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಇದೇ ಕಲ್ಯಾಣದ ಬಸವಣ್ಣನವರು ಶಿಲೆಯ ನಾಗನನ್ನು ಪೂಜಿಸಿ ಜೀವವುಳ್ಳ ನಾಗನನ್ನು ಹೊಡೆಯಹೊರಡುವವರ ಭಕ್ತಿಯನ್ನು ವಚನವೊಂದರಲ್ಲಿ ಬಯಲಿಗೆಳೆದರು. ಮಗುವಿಗೆ ಆ ಇಬ್ಬಗೆಯಿಲ್ಲ.

ನಾವೇ ತಪ್ಪಿದ ಸಂಗತಿಯೊಂದುಂಟು. ಕಳೆದ ಮಳೆಗಾಲದಲ್ಲಿ ವಸತಿಗೃಹದ ಚಿಕ್ಕ ಬಾಲಿಕೆಯೊಬ್ಬಳು ಸೀಮೆಸುಣ್ಣದ ಪೆಟ್ಟಿಗೆಯಲ್ಲಿ ಎಕ್ಕದೆಲೆ ಹಾಸಿ, ಕಪ್ಪು, ಬಿಳುಪು, ಹಳದಿ ಬಣ್ಣಗಳ ಪಟ್ಟೆಹುಳುವೊಂದನ್ನು ಸಾಕಿದ್ದಳು. ನಾವು ಗದರಿ ಪೆಟ್ಟಿಗೆಯನ್ನು ಕಸದ ಗುಂಡಿಗೆ ಹಾಕಿಸಿದೆವು. ಅವಳು ಅಳಲಿಲ್ಲ. “ಅಕ್ಕೋರೆ, ನಾಳಿ ಅದು ಏನ್ ತಿಂತದ್ರಿ?” ಎಂದಷ್ಟೇ ಕೇಳಿದಳು. ಅದು ಎಕ್ಕದೆಲೆಯನ್ನೇ ತಿಂದು, ಅದರ ಹಾಲಿನ ವಿಷವನ್ನು ಮೈಯಲ್ಲಿ ತಳೆದು ಹಕ್ಕಿಗಳಿಂದ ಪಾರಾಗಿ, ಕೋಶವಾಗಿ ಜೋತುಬಿದ್ದು, ಕಿತ್ತಳೆವರ್ಣದ ರೆಕ್ಕೆಗಳ ಚಿಟ್ಟೆಯಾಗುವ ಜಾತಿಯದು. ಆ ಚಿಟ್ಟೆಯ ಚಿತ್ರವನ್ನು ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆಯುವವರು ನಾವೇ! ಅಂದಿನಿಂದ ಆ ಬಾಲಿಕೆಯು ನಮಗೆ ಏನನ್ನೂ ತಂದು ತೋರಿಸಿಲ್ಲ. ಇದು ನಮ್ಮನ್ನು ಇಂದಿಗೂ ನೋಯಿಸುವುದು.

ಒಲಿದುದನ್ನೆಲ್ಲ ಪಂಜರದಲ್ಲಿಡಬಹುದೆಂದು ನಮ್ಮ ವಾದವಲ್ಲ. ಗಿಳಿಮರಿಯ ರೆಕ್ಕೆ ಕತ್ತರಿಸಿ ಸಾಕುವುದು ಒಲವೆನಿಸದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಯನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಸಾಕುವುದು ಅಪರಾಧವು. ನೋಡಿ ಒಲಿಯುವುದು ಬೇರೆ, ಹಿಡಿದಿಡುವುದು ಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಚಿತ್ರಪುಸ್ತಕಕ್ಕಿಂತ ಸುಲಭವಾದ ಸಾಧನವನ್ನು ನಾವು ಕಾಣೆವು.

ಪಾಲಕರು ವಾಚನಾಲಯಕ್ಕೆ ಬಂದು ಆ ಪುಸ್ತಕಗಳನ್ನು ಮೊದಲು ತಾವೇ ಓದಿನೋಡಬೇಕೆಂದು ಬೇಡುವೆವು. ಬೇಲಿಯ ಬದಿಯ ಎಕ್ಕದ ಗಿಡಗಳನ್ನು ಈ ವರ್ಷ ಕೀಳಕೂಡದೆಂದು ಮಾಲಿಗೆ ತಿಳಿಸಿರುವೆವು.