ನಾವಿಕರಿಗೆ ಹಾರವೊಂದೇ ಸಾಲದು

ಗಸ್ತಿನ ನೌಕೆಯೊಂದರ ನಾವಿಕರು ಕಡಲತಡಿಯ ಊರಿನ ಕ್ಲಬ್ಬಿಗೆ ಅತಿಥಿಗಳಾಗಿ ಬಂದಾಗ ಏನು ನಡೆಯುವದೆಂಬುದು ವಾಚಕರಿಗೆ ಗೊತ್ತಿದ್ದುದೇ. ಅಧ್ಯಕ್ಷರ ಸ್ವಾಗತ, ಹೂವಿನ ಹಾರ, ಎರಡು ಭಾಷಣ, ಚಹಾ ಫಳಾರ, ವಂದನಾರ್ಪಣೆ; ಇಷ್ಟಕ್ಕೆ ಸಭೆಯು ಮುಗಿಯುವದು. ಅತಿಥಿಗಳನ್ನು ಆದರಿಸುವದು ನಮ್ಮ ನಾಡಿನ ಧರ್ಮವು. ಅದನ್ನು ನಾವು ಹಳಿಯುವವರಲ್ಲ. ಆದರೆ ಕಾರವಾರದಂಥ ಊರಿನಲ್ಲಿ ಈ ಭೆಟ್ಟಿಯು ಬರಿಯ ಉಪಚಾರದಲ್ಲಿಯೇ ಕೊನೆಗಂಡರೆ ಊರಿಗೂ ನಷ್ಟ, ದೇಶಕ್ಕೂ ನಷ್ಟ.

ಕಾರವಾರವು ಇಂದು ಸಾಮಾನ್ಯ ಬಂದರವಲ್ಲ. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಸೇವೆಗೆ ಸೇರಿದ ಇಲ್ಲಿಯ ನೌಕಾನೆಲೆಯು ಕನ್ನಡದ ಆದಿ ಅರಸುಮನೆತನವಾದ ಕದಂಬರ ಹೆಸರನ್ನು ಹೊತ್ತಿರುವದು. ಸುಮಾರು 50 ಮೀಟರು ಉದ್ದದ, ಚಕ್ರದ ಬದಲು ನೀರನ್ನೇ ಹಿಂದಕ್ಕೆ ಚಿಮ್ಮಿ ಓಡುವ ತಿಲ್ಲಾಂಚಾಂಗ್ ಎಂಬ ವೇಗದ ಗಸ್ತಿನ ನೌಕೆಯು 2017ರ ಮಾರ್ಚಿಯಲ್ಲಿ ನೌಕಾದಳವನ್ನು ಸೇರಿದ್ದು ಇಲ್ಲಿಯೇ. ಆದರೆ ಈ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಎದ್ದುಹೋದವು; ಮೀನುಗಾರರು ತಲೆತಲಾಂತರದಿಂದ ಬಲೆ ಬೀಸಿದ ದಂಡೆಯನ್ನು ಕಳೆದುಕೊಂಡರು. ದೇಶದ ಕಾವಲಿಗೆ ಇವರು ತೆತ್ತ ಬೆಲೆಯು ಸಣ್ಣದಲ್ಲ.

ನೌಕಾದಳವು ತೆತ್ತ ಬೆಲೆಯೂ ಸಣ್ಣದಲ್ಲ. ಕಾರವಾರದ ಕಣ್ಣೆದುರಿನ ಅಂಜದೀವವನ್ನು 1961ರ ದಶಂಬರದಲ್ಲಿ ಪೋರ್ತುಗೀಜರಿಂದ ಬಿಡಿಸುವಾಗ ಏಳು ಜನ ನಾವಿಕರು ಪ್ರಾಣಕೊಟ್ಟರು. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಜನರು ತೀರಿಕೊಂಡಾಗ, ಶೋಧನೆಗೆ ನೌಕಾದಳವೂ ಕರಾವಳಿಯ ರಕ್ಷಣಾದಳವೂ ಇಳಿದವು. ಹೀಗೆ ಒಂದೇ ಕಡಲನ್ನು ನಂಬಿದ ಈ ಎರಡು ಬಳಗಗಳು ವರ್ಷಕ್ಕೊಮ್ಮೆ ಹಾರದ ನೆವದಿಂದ ಮಾತ್ರ ಒಬ್ಬರನ್ನೊಬ್ಬರು ಕಾಣುವದು ತರವೇ?

2008ರ ನವಂಬರವನ್ನು ನೆನೆಯಿರಿ. ಹತ್ತು ಜನ ಘಾತುಕರು ಕುಬೇರವೆಂಬ ಮೀನುದೋಣಿಯನ್ನು ಅಪಹರಿಸಿ, ಬಳಿಕ ರಬ್ಬರಿನ ದೋಣಿಯಲ್ಲಿ ಮುಂಬಯಿಯ ದಂಡೆಗೆ ಇಳಿದರು. ಅವರನ್ನು ಮೊದಲು ಕಂಡು, ಯಾರು ನೀವೆಂದು ಕೇಳಿದವರು ಅಲ್ಲಿಯ ಬಡ ಮೀನುಗಾರರು. ನೋಡುವ ಕಣ್ಣು ಇದ್ದಿತು. ಕೇಳುವ ಕಿವಿಯು ಹೊತ್ತಿಗೆ ಒದಗಲಿಲ್ಲ. ನೌಕೆಯು ಎಷ್ಟೇ ವೇಗವಾಗಿರಲಿ, ಎಲ್ಲ ಅಳಿವೆಗಳಲ್ಲಿಯೂ ಒಮ್ಮೆಗೇ ಇರಲಾರದು. ಮೀನುಗಾರನ ದೋಣಿಯು ಇರುವದು.

ನೌಕಾದಳದ ಗುಟ್ಟುಗಳನ್ನು ಕ್ಲಬ್ಬಿನಲ್ಲಿ ಚರ್ಚಿಸಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಗುಟ್ಟನ್ನು ಯಾರೂ ಕೇಳುತ್ತಿಲ್ಲ. ದೋಣಿಯು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಹೋಗಬಾರದು, ಗುರುತಿನ ಕಾಗದವನ್ನು ಯಾರಿಗೆ ತೋರಿಸಬೇಕು, ಅಪರಿಚಿತ ದೋಣಿಯನ್ನು ಕಂಡರೆ ಯಾರಿಗೆ ತಿಳಿಸಬೇಕು, ಇವೇ ಕೇಳಬೇಕಾದ ಮಾತುಗಳು. ಇವು ಗುಟ್ಟಾಗಿ ಉಳಿದರೆ ಶತ್ರುವಿಗೇ ಲಾಭವು.

ಆದುದರಿಂದ ಕ್ಲಬ್ಬಿನ ಚಾಲಕರಿಗೆ ನಮ್ಮ ಸೂಚನೆ ಇಷ್ಟೇ. ಸಭೆಯ ಮುಂದಿನ ಸಾಲಿನಲ್ಲಿ ವಕೀಲರೂ ವ್ಯಾಪಾರಿಗಳೂ ಕುಳಿತುಕೊಳ್ಳುವಂತೆ ಬೈತಖೋಲದ ಮೀನುಗಾರರೂ ಕುಳಿತುಕೊಳ್ಳಲಿ. ಭಾಷಣವನ್ನು ಅರ್ಧಕ್ಕಿಳಿಸಿ ಪ್ರಶ್ನೋತ್ತರಕ್ಕೆ ಹೊತ್ತು ಕೊಡಿರಿ. ನಾವಿಕರು ಭಾರತದ ನಾನಾ ಪ್ರಾಂತಗಳವರು. ನಮ್ಮ ಭಾಷೆಯು ಅವರಿಗೆ ಬಾರದಿರುವದು ಸಹಜವು. ನಡುವೆ ನಿಂತು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ತಿಳಿಯ ಹೇಳುವ ಕೆಲಸಕ್ಕೆ ನಮ್ಮ ಶಾಲೆಯ ಮಾಸ್ತರರಿಗಿಂತ ತಕ್ಕವರು ಯಾರು? ಕೇಳಿದ ದೂರುಗಳನ್ನು ಬರೆದಿಟ್ಟುಕೊಂಡು, ಮುಂದಿನ ಭೆಟ್ಟಿಯಲ್ಲಿ ಅವು ಏನಾದವೆಂದು ಕ್ಲಬ್ಬು ವಿಚಾರಿಸಲಿ.

ಕಡಲನ್ನು ಕಾಯುವವನೂ ಕಡಲಿನಿಂದ ಬದುಕುವವನೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಾದರೆ, ಆ ಊರಿನ ದಂಡೆಗೆ ಕಳ್ಳಹೆಜ್ಜೆ ಇಡುವದು ಸುಲಭವಾಗಲಾರದು. ಹಾರವು ಸಂಜೆಗೆ ಬಾಡುವದು. ಈ ಪರಿಚಯವು ಬಾಡಲಾರದು.