ಹಳೆ ಮರಳಿಗೆ ಒಂದು ಹಿಡಿ ಹೆಪ್ಪು ಸಾಕು

ಹೈದರಾಬಾದಿನಲ್ಲಿ ಬಾಡಿಗೆ ಕರಾರು 11 ತಿಂಗಳದ್ದು. ಕೊಂಡಾಪುರದಿಂದ ಮಿಯಾಪುರಕ್ಕೆ, ಅಲ್ಲಿಂದ ಇನ್ನೆಲ್ಲಿಗೋ ಸಾಮಾನು ಹೊರುವ ನಮ್ಮಂಥವರಲ್ಲಿ ಕೆಲವರ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಕಡಲಿಲ್ಲದ ಊರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಕದಡಿ ಕಡಲು ಮಾಡಿಕೊಳ್ಳುವುದು ಹುಚ್ಚೇ ಸರಿ. ಆದರೆ ಅದರೊಳಗಿನ ಕ್ಲೌನ್‌ಫಿಶ್ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು.

ಹೊಸ ತೊಟ್ಟಿಗೆ ಹೋಗುವಾಗ ಹಳೆ ಮರಳನ್ನು ಏನು ಮಾಡಬೇಕು? ಎಸೆದು ಹೊಸದು ಕೊಳ್ಳಿ ಎನ್ನುವುದು ಅಂಗಡಿಯ ಮಾತು. ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ, ಹಾಗೇ ಸುರಿಯಿರಿ ಎನ್ನುವುದು ಗೆಳೆಯರ ಮಾತು. ನನಗೆ ಎರಡೂ ಒಪ್ಪಿಗೆಯಿಲ್ಲ. ಎರಡನೆಯದಂತೂ ಮೀನಿನ ಪ್ರಾಣಕ್ಕೇ ಎರವು.

ಬ್ಯಾಕ್ಟೀರಿಯಾ ಇರುವುದು ನಿಜ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುವವು ಅವೇ. ಆದರೆ ಅವು ಮರಳಲ್ಲಷ್ಟೇ ಇಲ್ಲ, ಕಲ್ಲಿನ ಮೈಮೇಲೂ ಫಿಲ್ಟರಿನಲ್ಲೂ ಇವೆ. ಮರಳಿನ ಅಡಿಯಲ್ಲಿರುವುದು ವರ್ಷಗಟ್ಟಲೆ ಕೂತ ಹಿಕ್ಕೆ, ತಿನ್ನದ ಆಹಾರ. ಗಾಳಿಯಾಡದ ಆಳದ ಪದರ ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಅದು ಹೈಡ್ರೋಜನ್ ಸಲ್ಫೈಡ್. ಅಲುಗದಿದ್ದಷ್ಟು ದಿನ ತಣ್ಣಗಿದ್ದದ್ದು, ಕದಡಿದ ಕೂಡಲೇ ನೀರಿಗೆ ಬರುತ್ತದೆ.

ಆದ್ದರಿಂದ ನೀರು, ಮೀನು, ಕಲ್ಲು ಎಲ್ಲ ತೆಗೆದ ಮೇಲೆ ಕೊನೆಗೆ ಮರಳಿಗೆ ಕೈಹಾಕಿ. ಮೇಲ್ಪದರದ ಒಂದು ಬಟ್ಟಲು ಎತ್ತಿಡಿ. ಮೊಸರಿಗೆ ಹೆಪ್ಪು ಹಾಕಿದಂತೆ ಅಷ್ಟು ಸಾಕು. ಉಳಿದದ್ದನ್ನು ಅಕ್ಕಿ ತೊಳೆದಂತೆ, ನೀರು ತಿಳಿಯಾಗುವವರೆಗೆ ಬಕೆಟ್ಟಿನಲ್ಲಿ ತೊಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾ ಕೊಂದರೆ ಕೊಲ್ಲಲಿ, ಕೊನೆಯ ಸುತ್ತು ಮಾತ್ರ ಆರ್‌ಓ ನೀರಿನಲ್ಲಾಗಲಿ. ಕಲ್ಲನ್ನು ಮಾತ್ರ ನಲ್ಲಿಗೆ ಹಿಡಿಯಬೇಡಿ. ಅದು ಹಳೆ ಉಪ್ಪುನೀರಿನಲ್ಲೇ ಮುಳುಗಿರಬೇಕು. ಎಷ್ಟು ತೊಳೆದರೂ ನಾತ ಹೋಗದಿದ್ದರೆ, ಪಾಚಿ ಬಿಡದೆ ಕಾಡಿದ ತೊಟ್ಟಿಯದಾದರೆ, ಎಸೆಯುವುದೇ ಸರಿ: ಸುಣ್ಣದಂಶದ ಮರಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ.

ಊರಿಗೆ ಹೋದಾಗ ಕಡಲತೀರದಿಂದ ಹವಳದ ತುಂಡು ತರುವ ಯೋಚನೆಯೂ ಬೇಡ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಮೊದಲ ವಾರ ಆಹಾರ ಕಮ್ಮಿ, ದಿನವೂ ಅಮೋನಿಯಾ ಪರೀಕ್ಷೆ. ಸಾಗಿಸುವ ದಿನ ಮೀನಿನ ಬಕೆಟ್ ಲಾರಿಗೆ ಹತ್ತುವುದು ಬೇಡ, ಬ್ಯಾಟರಿ ಏರ್‌ಪಂಪಿನೊಂದಿಗೆ ನಿಮ್ಮ ಕಾಲ ಬಳಿಯೇ ಇರಲಿ. ಗಚ್ಚಿಬೌಲಿ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೋ!